ಸೆರಗಿನ ಮೂಲೆಯ ಅರಿಶಿನ

ಮೊದಲೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ಅಂಕೋಲೆಯ ಪೇಟೆ ದೊಡ್ಡದಲ್ಲ. ಬಟ್ಟೆ ಅಂಗಡಿ ಎಂದರೆ ಯಾರ ಅಂಗಡಿ ಎಂದು ಕೇಳುವವರಿದ್ದಾರೆ, ಅಕ್ಕೋರು ಎಂದರೆ ಯಾವ ಶಾಲೆಯವರು ಎಂದು ಹುಡುಕುವವರಿದ್ದಾರೆ. ಯಾರ ಕಡೆಗೂ ಬೊಟ್ಟು ಮಾಡಲು ಈ ಕಥೆ ಹೊರಟಿಲ್ಲ. ಇದನ್ನು ಸರಿಯಾಗಿ ಹೇಳುವಷ್ಟು ತಿಳಿವಳಿಕೆ ಉಂಟೇ ಎಂಬ ಅಳುಕು ಪ್ರತಿ ಕಂತಿನಲ್ಲೂ ಇದ್ದದ್ದೇ. ಆದರೂ ಪೊಟ್ಟಣ ತಲುಪಿಸುವ ಹುಡುಗ ಕಿಶನನನ್ನು ಗೋದಾಮಿನ ಬಾಗಿಲಲ್ಲಿ ಹಾಗೆಯೇ ನಿಲ್ಲಿಸಿ ಸುಮ್ಮನಾದರೆ ಅದು ಇನ್ನೂ ದೊಡ್ಡ ತಪ್ಪು.

ಭಾವಿಕೇರಿಯ ಸುಗಂಧಾ ಅಕ್ಕೋರು ಮಗಳ ಮದುವೆಗೆಂದು ಮೊಬೈಲಿನಲ್ಲಿ ತರಿಸಿದ ರೇಷ್ಮೆ ಸೀರೆಯ ಪೊಟ್ಟಣದಲ್ಲಿ ಅಗ್ಗದ ನೀಲಿ ಸೀರೆ ಇತ್ತಂತೆ. ಅದನ್ನು ತಲುಪಿಸಿದ ಕಿಶನ ಕಳ್ಳನೆನಿಸಿಕೊಂಡಿದ್ದ.

"ಅಂಗಿ ವಾಪಸ್ ತಕಂಡ್ರಿ, ಸರಿ. ಅಂಗಿ ಕಂಪನಿದು. ಮರ್ವಾದಿ ಯಾರ್ದು? ಅದನ್ನೂ ನೀವೇ ಕೊಟ್ಟಿದ್ರಾ?"

ಕಿಶನನ ತಾಯಿ ಗಂಗಿ ಕೇಳಿದ್ದು ಹರೀಶನನ್ನು. ಕಂಪನಿಯ ಕಾರವಾರದ ವ್ಯವಸ್ಥಾಪಕ ಹರೀಶ ಕೋಡಿಬಾಗದ ಆ ಗೋದಾಮಿನಲ್ಲಿ ಕಂಪ್ಯೂಟರಿನಿಂದ ತಲೆ ಎತ್ತಲಿಲ್ಲ. ಬೇಲೆಕೇರಿಯಿಂದ ಮೊದಲ ಬಸ್ಸಿಗೆ ಬಂದಿದ್ದ ಗಂಗಿ ಖಾಲಿ ಮೀನು ಬುಟ್ಟಿಯನ್ನು ಮಗುಚಿ ಹಾಕಿ ಅದರ ಮೇಲೆಯೇ ಕೂತಿದ್ದಳು. ಅವಳ ಹಿಂದೆ ಕಿಶನ, ಕಾಳಿ ನದಿಯ ಕಡೆಗೆ ಮುಖ ಮಾಡಿ, ಹೆಲ್ಮೆಟ್ಟನ್ನು ಎದೆಗೆ ಅವುಚಿಕೊಂಡು ನಿಂತಿದ್ದ. ಕಂಪನಿ ವಾಪಸ್ಸು ಕೇಳದೆ ಬಿಟ್ಟದ್ದು ಆ ಹೆಲ್ಮೆಟ್ಟೊಂದೇ. ಅದು ಅವನದೇ.

ರಂಜನಾ ಆ ನೀಲಿ ಸೀರೆಯಿದ್ದ ರಟ್ಟಿನ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡಳು. ಕಳೆದುಹೋದ, ಅದಲುಬದಲಾದ ಪೊಟ್ಟಣಗಳ ವಿಚಾರಣೆ ಕಂಪನಿಯಲ್ಲಿ ಅವಳ ಕೆಲಸ.

"ಸಂಜೆ ತನಕ ನೋಡ್ತೆ," ಎಂದ ಹರೀಶ. "ಸಂಜೆ ಆಯ್ತು ಅಂದ್ರೆ ಪೊಲೀಸ್ ಕಂಪ್ಲೇಂಟು. ನನ್ನ ಕೈಲಿ ಇಲ್ಲ ರಂಜನಾ ಅವ್ರೇ. ಮೇಲಿನಿಂದ ಫೋನ್ ಮೇಲೆ ಫೋನು."

"ಕಿಶನಾ, ಕೊಡುವಾಗ ಏನಾಯ್ತು? ಇನ್ನೊಂದ್ಸಲ ಹೇಳು," ಎಂದಳು ರಂಜನಾ.

"ಟೇಪು ಹಂಗೇ ಇತ್ತು ಅಕ್ಕ. ಅಕ್ಕೋರು ತಟ್ಟಿ ನೋಡಿ ತಕಂಡ್ರು. ಬಿಸಿಲು ಅದೆ ಅಂತ ಮಜ್ಜಿಗೆ ಕೊಟ್ರು." ಅವನು ನದಿಯಿಂದ ಕಣ್ಣು ಕೀಳಲಿಲ್ಲ. "ನಂಗೆ ಅಕ್ಷರ ಕಲಿಸಿದ್ದೇ ಅವ್ರು. ಕನ್ನಡ ಶಾಲೆಲಿ."

"ಕಳ್ಳಂಗೆ ಯಾರಾದ್ರೂ ಮಜ್ಜಿಗೆ ಕೊಡ್ತ್ರಾ?" ಎಂದಳು ಗಂಗಿ.

"ಗಂಗಕ್ಕ, ನಿಮ್ಮ ಮನೇಲಿ ಇಂಥ ರೇಷ್ಮೆ ಸೀರೆ..."

"ನಮ್ಮ ಮನೇಲಿ ರೇಷ್ಮೆ ಎಲ್ಲಿಂದ ಬರ್ಬೇಕು ತಂಗೀ? ಅಂಗಡಿಗೆ ಹೋದ್ರೆ ನಮ್ಗೆ ತೋರಿಸೂದೇ ಕೆಳಗಿನ ಖಾನೆ. ಬುಟ್ಟಿ ಹೊರಗಿಡು, ಕೈ ಒರೆಸ್ಕ, ಮುಟ್ಟಬೇಡ. ಮೊಬೈಲು ಬಂದ್ಮೇಲೆ ನನ್ನ ಮಗಳು ಪ್ರಗತಿ ಎಲ್ಲಾ ಸೀರೆನೂ ನೋಡ್ತದೆ. ತಕಂಬೂದು ಬಿಡು, ನೋಡ್ತದಲ್ಲ. ಮೊಬೈಲು ಮೂಗು ಮುಚ್ಕಂಬೂದಿಲ್ಲ." ಹೇಳಿದ ಮೇಲೆ ಅವಳಿಗೆ ನೆನಪಾಯಿತು, ಎದುರಿಗಿದ್ದವಳು ಅಂಕೋಲೆಯ ಬಟ್ಟೆ ವ್ಯಾಪಾರಿ ಪುಂಡಲೀಕ ನಾಯಕರ ಮಗಳು. "ನಿಮ್ಮಪ್ಪಂಗೆ ಹೇಳಿದ್ದಲ್ಲ ಮತ್ತೆ. ಮುಂಚೆ ಅವರೂ ಹಂಗೇ ಇದ್ರು, ಸುಳ್ಳು ಯಾಕೆ. ಆದ್ರೆ ಇವನ ಕೆಲಸ ನಿಂತ್ಮೇಲೆ ಪೇಟೆಲಿ ಕೂಗಿ ಕರ್ದು ಪ್ರಗತಿ ಮದುವೆಗೆ ಇರ್ಲಿ ಅಂತ ಒಂದು ಸೀರೆ ಕೊಟ್ರು. ಪುಕ್ಕಟೆ. ಮದುವೆ ದಿನವೇ ಬಿಚ್ಚು ಅಂದಿದ್ರು. ಕಾಗದ ಸುತ್ತಿದ್ದು ಹಂಗೇ ಅದೆ."

ರಂಜನಾಳಿಗೆ ಒಮ್ಮೆಗೇ ನಂಬಿಕೆ ಬರಲಿಲ್ಲ. ಅಪ್ಪ ಪುಕ್ಕಟೆ ಕೊಡುವುದೇ? ಅಂಗಡಿಯೇ ಮುಚ್ಚುವ ಕಾಲ ಬಂದಾಗ ಮನಸ್ಸು ಮೆತ್ತಗಾಗುತ್ತದೇನೋ ಎಂದುಕೊಂಡಳು. ಅಂಕೋಲೆಗೆ ಹೊರಟ ಬಸ್ಸು ಅವರ್ಸಾ ದಾಟುವವರೆಗೂ ಆ ಮಾತು ಅವಳ ಎದೆಯಲ್ಲಿ ಬೆಚ್ಚಗೆ ಕೂತಿತ್ತು.

*

ಅಪ್ಪನ ಅಂಗಡಿಯಲ್ಲಿ ಗಿರಾಕಿ ಇದ್ದಳು. ಪುಂಡಲೀಕರು ಬಿಳಿ ಗಾದಿಯ ಮೇಲೆ ಸೀರೆಯ ಮೇಲೆ ಸೀರೆ ಬಿಚ್ಚುತ್ತಿದ್ದರು. ಆಕೆ ಒಂದೊಂದನ್ನೂ ಬೆರಳ ನಡುವೆ ತಿಕ್ಕಿ, ಬೆಳಕಿಗೆ ಹಿಡಿದು, ಕಡೆಗೆ ಒಂದರ ಫೋಟೋ ಹೊಡೆದುಕೊಂಡು, "ಮನೇಲಿ ಕೇಳಿ ಬತ್ತೆ" ಎಂದು ಇಳಿದು ಹೋದಳು.

"ಬರೂದಿಲ್ಲ," ಎಂದರು ಪುಂಡಲೀಕರು. "ಮುಟ್ಟಿ ನೋಡೂಕೆ ನನ್ನ ಅಂಗಡಿ, ತಕಂಬೂಕೆ ನಿನ್ನ ಕಂಪನಿ. ಫ್ಯಾನಿನ ಗಾಳಿ ನಂದು, ಲಾಭ ಅವರ್ದು. ಬಾ, ಕೂತ್ಕ. ಚಾ ಹೇಳಲಾ?"

"ಬೇಡ ಅಪ್ಪಾ."

ಕಪಾಟುಗಳಲ್ಲಿ ಸೀರೆಗಳ ಬದಲು ಅವನ್ನು ಜರುಗಿಸಿಟ್ಟ ಖಾಲಿ ಜಾಗಗಳೇ ಹೆಚ್ಚಾಗಿ ಕಾಣುತ್ತಿದ್ದವು. ಬೀದಿಯ ಕಡೆ ನಿಂತ ಗೊಂಬೆಗೆ ಕಳೆದ ಹಬ್ಬದಲ್ಲಿ ಉಡಿಸಿದ್ದ ಸೀರೆಯೇ ಇತ್ತು; ಬಿಸಿಲು ಬಿದ್ದ ಕಡೆ ಬಣ್ಣ ಹಾರಿತ್ತು. ಈ ಗಾದಿಯ ಮೇಲೆ ಕೂತೇ ರಂಜನಾ ಸೀರೆ ಮಡಚಲು ಕಲಿತದ್ದು. ಆಮೇಲೆ ಅವಳು ಕಂಪನಿ ಸೇರಿದಳು. ಅಪ್ಪ ಬೇಡ ಎನ್ನಲಿಲ್ಲ. ಅಂದಿನಿಂದ ಅವಳ ಕೆಲಸವನ್ನು ಹೆಸರಿಟ್ಟು ಕರೆಯಲೂ ಇಲ್ಲ. 'ನಿನ್ನದು' ಎನ್ನುತ್ತಿದ್ದರು, ಅಷ್ಟೇ.

"ಆ ಗಿರಾಕಿನ ದೂರಿ ಏನು ಬಂತು?" ಎಂದಳು ಅವಳು. "ಹತ್ತು ಸೀರೆ ಬಿಚ್ಚಿಸಿ ತಕಳ್ಳದೆ ಎದ್ರೆ ನೀನು ಮುಖ ಹೇಗೆ ಮಾಡ್ತಿದ್ದೆ, ನಾ ನೋಡ್ಲಿಲ್ವಾ? ಮೊಬೈಲು ಮುಖ ಮಾಡೂದಿಲ್ಲ."

"ಮುಖ ಇದ್ರಲ್ವಾ ಮಾಡೂದು. ಇಲ್ಲಿ ಸೀರೆ ಬಣ್ಣ ಬಿಟ್ರೆ ಗಾದಿ ಮೇಲೆ ಒಗ್ದು ನನ್ನ ಬೈದು ಹೋಗ್ಲಕ್ಕು. ನಿನ್ನದ್ರಲ್ಲಿ ಯಾರನ್ನ ಬೈತ್ರು?"

ಅವಳು ಡಬ್ಬಿ ತೆರೆದು ನೀಲಿ ಸೀರೆಯನ್ನು ಗಾದಿಯ ಮೇಲಿಟ್ಟಳು. "ಇದು ಎಂಥ ಸೀರೆ, ಎಲ್ಲಿದು, ನೋಡಿ ಹೇಳು."

ಪುಂಡಲೀಕರು ಮುಟ್ಟಲಿಲ್ಲ. ಬಟ್ಟೆ ಕಂಡರೆ ಮೊದಲು ಬೆರಳು ಮುಂದೆ ಹೋಗುವ ಮನುಷ್ಯ ಅವರು. ಇವತ್ತು ಕನ್ನಡಕ ಒರೆಸುತ್ತ ಕೂತರು.

"ಇದು ಕೊಡೂ ಸೀರೆ," ಎಂದರು ಆಮೇಲೆ. "ಮದುವೆಲಿ ಹೆಂಗಸರಿಗೆ ಹಂಚ್ತ್ರಲ್ಲ, ಅದು. ಯಾರೂ ಉಡೂದಿಲ್ಲ. ಇವರ ಮನೆಯಿಂದ ಅವರ ಮನೆಗೆ ತಿರುಗ್ತಾ ಇರ್ತದೆ. ಎಲ್ಲಾ ಮನೇಲೂ ಇದ್ದದ್ದೇ. ಇದರಲ್ಲಿ ನಿಂಗೆಂತ ಸಿಗ್ತದೆ?"

ರಂಜನಾ ಸೀರೆಯ ಮಡಿಕೆಗಳನ್ನು ಒಂದೊಂದಾಗಿ ಬಿಡಿಸಿದಳು. ಸೆರಗಿನ ತುದಿ ಬಂತು. ಒಳಮೂಲೆಯಲ್ಲಿ, ಹೆಬ್ಬೆರಳಿನಷ್ಟು ಅಗಲಕ್ಕೆ, ಹಸಿರು ಎನ್ನುವ ಹಾಗೆ ಒಂದು ಗುರುತು.

"ಕಲೆ ಇರ್ಬೇಕು," ಎಂದರು ಪುಂಡಲೀಕರು. ಈಗ ಅವರ ಕೈ ಮುಂದೆ ಬಂತು. ಮೂಲೆ ಒಳಗೆ ಹೋಗುವಂತೆ ಸೀರೆಯನ್ನು ಚಕಚಕನೆ ಮಡಚಿ ಅವಳ ಕಡೆ ನೂಕಿದರು. "ಗ್ಯಾಸಿನವ ಬರೂ ಹೊತ್ತಾಯ್ತು. ನಾನು ಮನೆಗೆ ಹೋಗ್ಬೇಕು."

ಬೊಬ್ರುವಾಡದ ಮನೆಗೆ ಗ್ಯಾಸು ಬರುವ ದಿನ ಅದಾಗಿರಲಿಲ್ಲ. ರಂಜನಾಳಿಗೆ ಅದು ಹೊಳೆದದ್ದು ಆಮೇಲೆ. ಆಗ ಅವಳ ಗಮನ ತನ್ನ ಹೆಬ್ಬೆರಳ ಮೇಲಿತ್ತು.

ಬೆರಳು ಹಳದಿಯಾಗಿತ್ತು.

ಅವಳು ಹೊರಗೆ ಬಂದು ಬಿಸಿಲಿನಲ್ಲಿ ಡಬ್ಬಿಯನ್ನು ಓರೆ ಮಾಡಿ ನೋಡಿದಳು. ರಟ್ಟಿನ ಮೂಲೆಯಲ್ಲೂ ಅದೇ ಪುಡಿ. ಅರಿಶಿನ. ನೀಲಿಯ ಮೇಲೆ ಹಸಿರಾಗಿ ಕಂಡಿತ್ತು, ಅಷ್ಟೇ. ಯಾವುದೋ ಹಳೆಯ ಮದುವೆಯಲ್ಲಿ ಹಚ್ಚಿದ್ದಾದರೆ ನೂಲಿಗೆ ಹಿಡಿದು ಒಣಗಿರುತ್ತಿತ್ತು. ಇದು ಉದುರುತ್ತಿತ್ತು. ಡಬ್ಬಿಗೆ ಹಾಕುವ ಹೊತ್ತಿಗೇ ಯಾರೋ ಹಚ್ಚಿದ್ದು.

ದೂರದ ಊರಿನ ಗೋದಾಮಿನಲ್ಲಿ ಕೈಗವಸು ಹಾಕಿಕೊಂಡು ಸೀರೆ ತುಂಬುವವರು ಅರಿಶಿನ ಹಚ್ಚುವುದಿಲ್ಲ. ದಾರಿಯಲ್ಲಿ ಬೈಕು ನಿಲ್ಲಿಸಿ ಅವಸರದಲ್ಲಿ ಸೀರೆ ಬದಲಿಸುವ ಕಳ್ಳನೂ ಹಚ್ಚುವುದಿಲ್ಲ. ಹೊಸ ಸೀರೆಯನ್ನು ಮನೆಯಿಂದ ಹೊರಗೆ ಕೊಡುವಾಗ ಮೂಲೆಗೆ ಚಿಟಿಕೆ ಅರಿಶಿನ ಮುಟ್ಟಿಸುವುದು ಈ ಕಡೆಯ ಹೆಂಗಸರ ಕೈಗೆ ಅಂಟಿದ ಅಭ್ಯಾಸ. ಅವಳ ಅವ್ವಿಯೂ ಬದುಕಿದ್ದಷ್ಟು ದಿನ ಹಾಗೆಯೇ ಮಾಡಿದ್ದಳು.

ರಂಜನಾ ಭಾವಿಕೇರಿಗೆ ರಿಕ್ಷಾ ಹತ್ತಿದಳು.

*

ಸುಗಂಧಾ ಅಕ್ಕೋರ ಮನೆಗೆ ಹೊಸ ಸುಣ್ಣ ಬಿದ್ದಿತ್ತು. ಜಗುಲಿಯ ಒಂದು ಬದಿಯಲ್ಲಿ ಚಪ್ಪರಕ್ಕೆಂದು ತಂದ ಬಿದಿರು. ಮದುಮಗಳು ನಾಗಶ್ರೀ ಒಳಗೆಲ್ಲೋ ಫೋನಿನಲ್ಲಿ ನಗುತ್ತಿದ್ದಳು.

"ಬಾ ರಂಜನಾ. ಹಣ ವಾಪಸ್ ಬತ್ತದೆ ಅಂತ ಮೆಸೇಜ್ ಬಂತು. ನೀ ಮತ್ತೆ ಬರೂದು ಬೇಕಿರಲಿಲ್ಲ," ಎಂದರು ಅಕ್ಕೋರು. ನಿವೃತ್ತಿಗೆ ಹತ್ತಿರವಾದ ಮಾಸ್ತರಿಕೆಯ ದನಿ. ಪ್ರತಿ ಮಾತಿನ ಕೊನೆಗೂ ಬೋರ್ಡು ಒರೆಸಿದ ಹಾಗೆ ನಿಲ್ಲುತ್ತಿತ್ತು.

ರಂಜನಾ ಸೀರೆಯನ್ನು ಜಗುಲಿಯ ಮೇಲಿಟ್ಟು ಸೆರಗಿನ ಮೂಲೆಯನ್ನು ಹೊರಗೆಳೆದಳು.

ಅಕ್ಕೋರು ನೋಡಿದರು. ಆಮೇಲೆ ಒಳಬಾಗಿಲನ್ನು ನೋಡಿದರು.

"ಕಿಶನನ ಮನೇಲಿ ಹಚ್ಚಿರ್ಬೇಕು," ಎಂದರು.

"ಕದ್ದವರು ಅರಿಶಿನ ಹಚ್ಚೂದಿಲ್ಲ ಅಕ್ಕೋರೆ. ಕೊಡೂವವರು ಹಚ್ಚೂದು."

"ನೀ ದೊಡ್ಡ ಪೊಲೀಸಾದ್ಯಾ?"

"ಸಂಜೆ ನಿಜವಾದ ಪೊಲೀಸರು ಬತ್ರು. ನಿಮ್ಮ ಮನೆಗಲ್ಲ. ಬೇಲೆಕೇರಿಗೆ."

ಒಳಗೆ ನಾಗಶ್ರೀಯ ನಗು ನಿಂತು ಮತ್ತೆ ಶುರುವಾಯಿತು. ಅಕ್ಕೋರು ಎದ್ದು ಹೋಗಿ ಬಾಗಿಲು ಎಳೆದುಕೊಂಡು ಬಂದರು. ಕೂತಾಗ ಅವರ ದನಿಯಲ್ಲಿ ಶಾಲೆ ಇರಲಿಲ್ಲ.

"ಮದುವೆ ಮನೆಯಿಂದ ಹೊಸ ಸೀರೆ ಹೊರಗೆ ಹೋಗೂದು. ಬರೀ ಕೈಲಿ ಹೆಂಗೆ ಕಳ್ಸೂದು? ಮಗಳಿಗೆ ಒಳ್ಳೇದಾಗ್ಬೇಕಲ್ವಾ. ಕೈ ತನ್ನಷ್ಟಕ್ಕೇ ಅರಿಶಿನದ ಡಬ್ಬಿಗೆ ಹೋಯ್ತು." ಅವರು ತಮ್ಮ ಹೆಬ್ಬೆರಳನ್ನೇ ನೋಡಿಕೊಂಡರು. "ಸುಳ್ಳು ಹೇಳೂಕೂ ಬರೂದಿಲ್ಲ ನೋಡು, ಇಷ್ಟು ವರ್ಷ ಕಲಿಸಿ."

"ರೇಷ್ಮೆ ಸೀರೆ ಬಂದಿತ್ತು, ಹಾಗಾದ್ರೆ."

"ಬಂದಿತ್ತು. ಫೋಟೋದಲ್ಲಿ ಕುಂಕುಮದ ಬಣ್ಣ, ಹಸಿರು ಅಂಚು. ಬಿಚ್ಚಿದ್ರೆ ಇಟ್ಟಿಗೆ ಪುಡಿ ಬಣ್ಣ. ಉಗುರು ತಾಗಿದ್ರೆ ಎಳೆ ಏಳ್ತದೆ. ವಾಪಸ್ ಅಂತ ಒತ್ತಿದೆ. ಈ ಸಾಮಾನಿಗೆ ವಾಪಸ್ ಇಲ್ಲ ಅಂತು. ಕಂಪನಿಗೆ ಬರ್ದೆ. 'ನಿಮ್ಮ ತಾಳ್ಮೆಗೆ ಧನ್ಯವಾದ' ಅಂತ ಬಂತು. ಇನ್ನೊಮ್ಮೆ ಬರ್ದೆ, ಅದೇ ಬಂತು. ಅಂಗಡಿ ಆಗಿದ್ರೆ ಹೋಗಿ ಕೂರ್ತಿದ್ದೆ ರಂಜನಾ. ಕೊಡೂ ತನಕ ಏಳೂದಿಲ್ಲ ಅಂತ ಕೂರ್ತಿದ್ದೆ. ಇದರ ಮೆಟ್ಟಿಲು ಎಲ್ಲಿ ಅದೆ?"

"ಅದಕ್ಕೆ ಕಿಶನ ಕದ್ದ ಅಂದ್ರಿ."

"ನಾ ಹಾಗೆ ಹೇಳ್ಲಿಲ್ಲ." ಅವರು ಬೇಗ ಹೇಳಿದರು. "ಬೇರೆ ಸಾಮಾನು ಬಂತು ಅಂತ ಒತ್ತಿದೆ. ಅದಕ್ಕೆ ಮಾತ್ರ ಹಣ ವಾಪಸ್ ಕೊಡ್ತದಂತೆ. ಒತ್ತಿದ್ಮೇಲೆ ಅದೇ ಕೇಳ್ತು, ತಂದವರು ಇವರೇನಾ ಅಂತ. ಕಿಶನನ ಫೋಟೋ ತೋರಿಸ್ತು. ನಾ ಹೌದು ಅಂತ ಒತ್ತಿದೆ. ತಂದಿದ್ದು ಅವನೇ ಅಲ್ವಾ?"

ಅಷ್ಟು ದೊಡ್ಡ ಅಂಗಡಿಗೆ ಈ ಊರಿನಲ್ಲಿ ಇದ್ದದ್ದು ಒಂದೇ ಮುಖ, ಬಿಸಿಲಿಗೆ ಕಪ್ಪಾದ ಕಿಶನನ ಮುಖ. ಬೈಯಬೇಕಾದವರು ಅದನ್ನೇ ಬೈದರು. ಅಪ್ಪ ಗಾದಿಯ ಮೇಲೆ ಕೂತು ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿತ್ತು.

"ಅವ ಎರಡು ದಿನ ಬಿಟ್ಟು ಬಂದಿದ್ದ," ಎಂದರು ಅಕ್ಕೋರು. "ಜಗುಲಿ ಹತ್ತಲಿಲ್ಲ. ಅಂಗಳದಲ್ಲೇ ನಿಂತು, 'ಅಕ್ಕೋರೆ, ನಾ ತೆಗ್ದಿಲ್ಲ' ಅಂದ. ನಾ ಒಳಗೇ ಇದ್ದೆ. ಬಾಗಿಲು ತೆಗೀಲಿಲ್ಲ."

"ಈಗ ಹರೀಶನಿಗೆ ಫೋನ್ ಮಾಡಿ. ನಿಮ್ಮ ಬಾಯಿಂದಲೇ ಹೇಳಿ."

"ಮದುವೆ ಆಗ್ಲಿ."

"ಅಷ್ಟರೊಳಗೆ ಅವ ಜೈಲಲ್ಲಿರ್ತಾನೆ."

"ಗಂಡಿನ ಮನೆಯವ್ರಿಗೆ ಗೊತ್ತಾದ್ರೆ?" ಅಕ್ಕೋರ ಕಣ್ಣು ಒದ್ದೆಯಾಗಿತ್ತು, ದನಿ ಮಾತ್ರ ಗಟ್ಟಿಯಾಯಿತು. "ನೀನೂ ಯೋಚ್ನೆ ಮಾಡಿ ಮಾತಾಡು. ಈ ಉಪಾಯ ನನ್ನ ತಲೇಲಿ ಹುಟ್ಟಿದ್ದಲ್ಲ."

"ಮತ್ತೆ?"

"ರವಿಕೆ ಕಣ ತಕಂಬೂಕೆ ಅಂಕೋಲೆ ಪೇಟೆಗೆ ಹೋಗಿದ್ದೆ. ಆ ರೇಷ್ಮೆ ಜೊತೆಗಿತ್ತು, ಬಣ್ಣ ಹೊಂದಿಸೂಕೆ. ನಿಮ್ಮಪ್ಪ ಬಿಚ್ಚಿ ನೋಡಿ ನಕ್ರು. ತುಂಬಾ ಹೊತ್ತು ನಕ್ರು. ಆಮೇಲೆ ಹೇಳಿದ್ರು, ಬೇರೆ ಸೀರೆ ಬಂತು ಅನ್ನಿ ಅಕ್ಕೋರೆ, ಮನೇಲಿ ಕೊಡೂ ಸೀರೆ ಇದ್ರೆ ಡಬ್ಬೀಲಿ ಹಾಕಿ ಫೋಟೋ ತೆಗೀರಿ, ಅವರು ಬಂದು ನೋಡೂದಿಲ್ಲ. ಎಲ್ಲಿ ಒತ್ತೂದು ಅಂತ ತೋರಿಸಿ ಕೊಟ್ಟಿದ್ದೂ ಅವ್ರೇ."

"ಸುಳ್ಳು," ಎಂದಳು ರಂಜನಾ. ಅಷ್ಟು ಬೇಗ ಹೇಳಬಾರದಿತ್ತು ಎಂದು ಅವಳಿಗೇ ಅನ್ನಿಸಿತು. ಕಣ್ಣ ಮುಂದೆ ಅಪ್ಪನ ಕೈ, ಮೂಲೆಯನ್ನು ಒಳಗಿಟ್ಟು ಚಕಚಕನೆ ಮಡಚುತ್ತಿತ್ತು.

"ಸುಳ್ಳಾದ್ರೆ ಕೇಳು ಹೋಗು. ನಾ ಒಬ್ಬಳೇ ಅಲ್ಲ ಅಂತ್ಲೂ ಅಂದ್ರು. ಕಾರವಾರದವ್ರಿಗೂ ಹೇಳಿ ಕೊಟ್ಟಿದ್ದೆ, ಎಲ್ಲರಿಗೂ ಹಣ ಬಂತು ಅಂದ್ರು. 'ನನ್ನ ಅಂಗಡಿ ತಿಂದವರಿಗೆ ಅಷ್ಟಾದ್ರೂ ಅಜೀರ್ಣ ಆಗ್ಲಿ' ಅಂದ್ರು."

ಕಾರವಾರದಿಂದ ಬಂದಿದ್ದ ಹಿಂದಿನ ದೂರುಗಳು ಅವಳಿಗೆ ನೆನಪಾದವು. ಅವುಗಳ ವಿಚಾರಣೆಯನ್ನೂ ಅವಳೇ ಮಾಡಿದ್ದಳು. ಯಾರ ಕೈವಾಡವೂ ಕಂಡುಬಂದಿಲ್ಲ ಎಂದು ಅವಳೇ ಹೇಳಿದ್ದಳು.

"ಆ ರೇಷ್ಮೆ ಈಗ ಎಲ್ಲಿದೆ?"

"ಮನೇಲಿ ಇಟ್ಕಳ್ಳೂಕೆ ಭಯ ಆಯ್ತು. ನಿಮ್ಮಪ್ಪನ ಗಾದಿ ಮೇಲೇ ಬಿಟ್ಟು ಬಂದೆ. ನಾ ಒಂದು ದಾರಿ ಮಾಡ್ತೆ ಅಂದ್ರು. ಕಾಗದದಲ್ಲಿ ಸುತ್ತಿ ಒಳಗಿಟ್ರು."

ಕಾಗದದಲ್ಲಿ ಸುತ್ತಿ.

ಜಗುಲಿಯ ಕಂಬವನ್ನು ಹಿಡಿದು ರಂಜನಾ ಎದ್ದಳು. ಬೆಳಿಗ್ಗೆ ಗೋದಾಮಿನ ಬಾಗಿಲಲ್ಲಿ ಗಂಗಿ ಆಡಿದ ಮಾತು, ಬಸ್ಸಿನಲ್ಲಿ ಅಷ್ಟು ದೂರ ಬೆಚ್ಚಗೆ ಕೂತು ಬಂದ ಮಾತು, ಈಗ ಮುಳ್ಳಿನ ಹಾಗೆ ಎದ್ದು ನಿಂತಿತು. ಪ್ರಗತಿ ಮದುವೆಗೆ ಇರ್ಲಿ. ಮದುವೆ ದಿನವೇ ಬಿಚ್ಚು. ಇವನ ಕೆಲಸ ನಿಂತ್ಮೇಲೆ.

ಫೋನು ಬಂತು. ಹರೀಶ.

"ರಂಜನಾ ಅವ್ರೇ, ನಾ ಬೇಲೆಕೇರಿಲಿದ್ದೇನೆ. ಆ ಹೆಂಗಸು ಬಿಡ್ಲೇ ಇಲ್ಲ. ನೀವೇ ಬಂದು ಮನೆ ಪೂರಾ ನೋಡಿ, ನಮ್ಮಲ್ಲಿ ಏನೂ ಇಲ್ಲ ಅಂತ ಗೊತ್ತಾಗ್ತದೆ, ಅಂತ ಹಟ ಹಿಡಿದು ಕರ್ಕೊಂಡು ಬಂತು. ಕಾರಲ್ಲೇ ಬಂದ್ವಿ." ಹಿಂದೆ ಸಮುದ್ರದ ಸದ್ದಿತ್ತು. ಅದರ ಮೇಲೆ ಗಂಗಿಯ ದನಿ: ನೋಡ್ಕಳ್ಳಿ, ಹಾಸಿಗೆನೂ ಎತ್ತಿ ನೋಡ್ಕಳ್ಳಿ. "ಎಲ್ಲಾ ನೋಡಿದೆ, ಏನಿಲ್ಲ. ಒಂದು ಕಾಗದದ ಕಟ್ಟು ಮಾತ್ರ ಉಂಟು, ದಾರ ಕಟ್ಟಿದ್ದು. ನಿಮ್ಮ ತಂದೆ ಕೊಟ್ಟಿದ್ದು ಅಂತಾಳೆ. ಮದುವೆ ಸೀರೆಯಂತೆ, ಬಿಚ್ಚಬಾರದಂತೆ. ಆದ್ರೆ ನಿಮ್ಮನ್ನ ಕೇಳಿ ನೀವು ಹೂಂ ಅಂದ್ರೆ ಬಿಚ್ಚಿ ಅಂತಾಳೆ. ನಿಮ್ಮ ಮೇಲೆ ಅಷ್ಟು ನಂಬಿಕೆ ನೋಡಿ. ಏನು ಮಾಡ್ಲಿ?"

ಸುಗಂಧಾ ಅಕ್ಕೋರು ಅವಳ ಮುಖವನ್ನೇ ನೋಡುತ್ತಿದ್ದರು. ಪೂರಾ ಕೇಳಿಸದಿದ್ದರೂ ಅವರಿಗೆ ಅರ್ಥವಾಗಿತ್ತು. ಅವರ ಮುಖದಲ್ಲಿ ಮೊದಲ ಬಾರಿಗೆ ಭಯ ಕಡಿಮೆಯಾಗಿತ್ತು. ಇಬ್ಬರೂ ಈಗ ಒಂದೇ ಜಗುಲಿಯಲ್ಲಿದ್ದರು.

ಬಿಚ್ಚಬೇಡಿ ಎಂದರೆ ಯಾಕೆ ಎಂದು ಹರೀಶ ಕೇಳುತ್ತಾನೆ. ಬಿಚ್ಚಿ ಎಂದರೆ ಇಟ್ಟಿಗೆ ಬಣ್ಣದ ರೇಷ್ಮೆ ಕಿಶನನ ಮನೆಯ ನೆಲದ ಮೇಲೆ ಬೀಳುತ್ತದೆ, ಆಮೇಲೆ ಯಾವ ಅರಿಶಿನವೂ ಅವನನ್ನು ಉಳಿಸುವುದಿಲ್ಲ. ನಿಜ ಹೇಳಿದರೆ ಅದರ ಮೊದಲ ಹೆಸರು ಅಪ್ಪನದು.

"ಹಲೋ? ರಂಜನಾ ಅವ್ರೇ? ಕೇಳ್ತಿದೆಯಾ?"

"ಹರೀಶ, ಕಿಶನ ಕದ್ದಿಲ್ಲ," ಎಂದಳು ಅವಳು.

"ಅದಿರ್ಲಿ. ಈ ಕಟ್ಟಲ್ಲಿ ಏನುಂಟು, ನಿಮಗೆ ಗೊತ್ತಾ?"

ದಾರವನ್ನು ಎಳೆಯುವ ಸದ್ದು ಕೇಳಿದ ಹಾಗಾಯಿತು. ಗಾಳಿಯೂ ಇರಬಹುದು.

ಪುಂಡಲೀಕ ನಾಯಕರು ಆ ಸೀರೆಯನ್ನು ಮನಸ್ಸು ಚುಚ್ಚಿ ಕೊಟ್ಟರೋ, ಎಂದಾದರೂ ಒಂದು ದಿನ ಕಳವಿನ ಮಾಲಾಗಿ ಸಿಗಲೆಂದೇ ಅಲ್ಲಿ ಇಟ್ಟರೋ, ಇದನ್ನು ಹೇಳುವವರಿಗೆ ಗೊತ್ತಿಲ್ಲ. ಗೊತ್ತಿದ್ದಂತೆ ಬರೆದರೆ ಅದು ಸುಳ್ಳಾದೀತು. ಆ ಹೊತ್ತಿನಲ್ಲಿ ರಂಜನಾಳಿಗೂ ಗೊತ್ತಿರಲಿಲ್ಲ.